ಶಸ್ತ್ರವೈದ್ಯರ ಕೈಯಲ್ಲಿ ವಿದ್ಯುತ್ತು

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಕೆಲಸವನ್ನು ಹತ್ತಿರದಿಂದ ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಆಲೆಮರದ ತುಂಡು ಲೇತ್ ಯಂತ್ರದಲ್ಲಿ ಗಿರ್ರನೆ ಸುತ್ತುತ್ತಿರುತ್ತದೆ. ಕುಶಲಕರ್ಮಿಯು ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಕ್ಷಣಮಾತ್ರದಲ್ಲಿ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅರಗನ್ನು ಕರಗಿಸುವುದಕ್ಕೆಂದು ಅಲ್ಲಿ ಒಲೆಯಿಲ್ಲ, ಕೆಂಡವಿಲ್ಲ. ಕಡ್ಡಿಯೂ ತಣ್ಣಗಿತ್ತು, ಮರವೂ ತಣ್ಣಗಿತ್ತು. ಅವೆರಡೂ ಉಜ್ಜುವ ಜಾಗದಲ್ಲಿಯೇ ಶಾಖವು ಹುಟ್ಟಿತು.

ಶಸ್ತ್ರಚಿಕಿತ್ಸೆಯಲ್ಲಿ ಇಂದು ಬಳಸುವ ವಿದ್ಯುತ್ ಉಪಕರಣವೂ ಈ ಬಗೆಯದೇ. ಅದರ ತುದಿಯನ್ನು ಕಾಯಿಸಿ ರೋಗಿಯ ದೇಹಕ್ಕೆ ತಾಗಿಸುವುದಲ್ಲ. ತುದಿಯಿಂದ ಹೊರಟ ವಿದ್ಯುತ್ ಪ್ರವಾಹವು ಅಂಗಾಂಶದೊಳಗೆ ಹರಿಯುವಾಗ, ಅಂಗಾಂಶವು ಒಡ್ಡುವ ರೋಧದಿಂದಾಗಿ ಅಲ್ಲಿಯೇ ಶಾಖ ಉತ್ಪನ್ನವಾಗುತ್ತದೆ. ಆ ಶಾಖವೇ ಚರ್ಮದ ಕೆಳಗಣ ಪದರಗಳನ್ನು ಕತ್ತರಿಸುತ್ತದೆ. ಕತ್ತರಿಸಿದ ರಕ್ತನಾಳದ ಬಾಯಿಯನ್ನೂ ಮುಚ್ಚುತ್ತದೆ. ಹೆರಿಗೆಯ ಸಿಸೇರಿಯನ್, ಹರ್ನಿಯ, ಅಪೆಂಡಿಕ್ಸ್ ಮೊದಲಾದ ಶಸ್ತ್ರಚಿಕಿತ್ಸೆಗಳು ನಡೆಯುವ ಊರುಗಳಲ್ಲೆಲ್ಲ, ಅದು ಬೆಂಗಳೂರಾಗಲಿ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಾಗಲಿ, ಇದು ಶಸ್ತ್ರವೈದ್ಯರ ನಿತ್ಯದ ಸಾಧನ. ನಮ್ಮ ವಾಚಕರ ಮನೆಗಳಲ್ಲಿ ಒಬ್ಬರಾದರೂ ಇದರ ಕೆಳಗೆ ಮಲಗಿ ಎದ್ದು ಬಂದಿರುವುದು ಸಂಭವನೀಯ.

ಆಸ್ಪತ್ರೆಗಳಲ್ಲಿ ಈ ಯಂತ್ರಕ್ಕೆ ‘ಕಾಟರಿ’ ಎಂಬ ಹೆಸರು ಬಳಕೆಯಲ್ಲಿದೆ. ಹೆಸರು ಹಳೆಯದು, ಆದರೆ ಸರಿಯಾದುದಲ್ಲ. ಕಾಟರಿ ಎಂದರೆ ಕಾಯಿಸಿದ ಲೋಹದಿಂದ ಸುಡುವುದು. ಸುಶ್ರುತ ಸಂಹಿತೆಯಲ್ಲಿ ಅಗ್ನಿಕರ್ಮಕ್ಕೆಂದೇ ಒಂದು ಅಧ್ಯಾಯವಿದೆ. ಹಳ್ಳಿಗಳಲ್ಲಿ ದನಕರುಗಳಿಗೆ ಬರೆ ಹಾಕುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಅಲ್ಲಿ ಶಾಖವು ಕಬ್ಬಿಣದಲ್ಲಿದೆ. ಕಬ್ಬಿಣ ತಾಗಿದ ಕಡೆ ಮಾತ್ರ ಸುಡುತ್ತದೆ. ವಿದ್ಯುತ್ ಉಪಕರಣದಲ್ಲಾದರೋ ಸುಡುವುದು ಪ್ರವಾಹ. ಪ್ರವಾಹವು ಒಂದು ಕಡೆಯಿಂದ ದೇಹವನ್ನು ಹೊಕ್ಕಮೇಲೆ ಇನ್ನೊಂದು ಕಡೆಯಿಂದ ಹೊರಬಿದ್ದು, ಹೊರಟ ಯಂತ್ರಕ್ಕೇ ಮರಳಬೇಕು. ಮಂಡಲವು ಪೂರ್ಣವಾಗದೆ ಪ್ರವಾಹವಿಲ್ಲ ಎಂಬುದನ್ನು ನೀವು ಪ್ರೌಢಶಾಲೆಯಲ್ಲಿಯೇ ಕಲಿತಿದ್ದೀರಿ. ಆದುದರಿಂದ ಇಲ್ಲಿ ರೋಗಿಯ ದೇಹವೇ ಮಂಡಲದ ಒಂದು ಭಾಗವಾಗುತ್ತದೆ. ಕೈಯಲ್ಲಿರುವುದು ಕಾದ ಕಬ್ಬಿಣವೆಂದು ಭಾವಿಸಿದವನು ತುದಿಯನ್ನಷ್ಟೇ ನೋಡುತ್ತಾನೆ. ಕೈಯಲ್ಲಿರುವುದು ವಿದ್ಯುತ್ತೆಂದು ತಿಳಿದವನು ಅದು ಮರಳಿ ಹೋಗುವ ದಾರಿಯನ್ನೂ ನೋಡುತ್ತಾನೆ. ಈ ಲೇಖನದಲ್ಲಿ ನಾವು ಪರಿಶೀಲಿಸಬೇಕೆಂದಿರುವುದು ಆ ದಾರಿಯನ್ನೇ.

ಮೊದಲು ಒಂದು ಸಂದೇಹವನ್ನು ಪರಿಹರಿಸಿಕೊಳ್ಳೋಣ. ಮನೆಯ ತಂತಿಯನ್ನು ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ಹೀಗಿರುವಾಗ ದೇಹದ ಮೂಲಕ ವಿದ್ಯುತ್ತನ್ನು ಹರಿಸಿದರೂ ರೋಗಿಗೆ ಆಘಾತವೇಕಾಗುವುದಿಲ್ಲ? ಮನೆಗೆ ಬರುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳನ್ನು ಮಾಡುತ್ತದೆ. ನಮ್ಮ ನರಗಳೂ ಸ್ನಾಯುಗಳೂ ಆ ಗತಿಗೆ ಸುಲಭವಾಗಿ ಸ್ಪಂದಿಸುತ್ತವೆ; ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಹೃದಯದ ಲಯ ಕೆಡುತ್ತದೆ. ಆವೃತ್ತಿಯನ್ನು ಬಹಳವಾಗಿ ಹೆಚ್ಚಿಸಿದರೆ, ನರವು ಒಂದು ದಿಕ್ಕಿನ ಒತ್ತಡಕ್ಕೆ ಸ್ಪಂದಿಸುವ ಮೊದಲೇ ಪ್ರವಾಹವು ದಿಕ್ಕನ್ನು ಬದಲಿಸಿರುತ್ತದೆ. ಫ್ರಾನ್ಸಿನ ವಿಜ್ಞಾನಿ ಆರ್ಸೀನ್ ದಾರ್ಸೊನ್ವಾಲ್ 1891ರಲ್ಲಿ, ಸೆಕೆಂಡಿಗೆ 10,000ಕ್ಕೂ ಮೀರಿದ ಆವೃತ್ತಿಯ ಪ್ರವಾಹವು ಸ್ನಾಯುವನ್ನು ಸೆಟೆಸದೆ ದೇಹದಲ್ಲಿ ಹಾಯಬಲ್ಲದೆಂದು ತೋರಿಸಿದನು. ಶಸ್ತ್ರಚಿಕಿತ್ಸೆಯ ಯಂತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 3 ಲಕ್ಷದಿಂದ 5 ಲಕ್ಷ ಆವರ್ತಗಳ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಹಳೆಯ ರೇಡಿಯೋ ಪೆಟ್ಟಿಗೆಗಳಲ್ಲಿ ಬೆಂಗಳೂರು ಆಕಾಶವಾಣಿಯನ್ನು ಕೇಳಲು ಮುಳ್ಳನ್ನು 612 ಕಿಲೋಹರ್ಟ್ಸ್‌ಗೆ, ಎಂದರೆ ಸೆಕೆಂಡಿಗೆ 6 ಲಕ್ಷದ 12 ಸಾವಿರ ಆವರ್ತಗಳಿಗೆ, ತಿರುಗಿಸುತ್ತಿದ್ದರಷ್ಟೆ. ಅದೂ ಇದೂ ಒಂದೇ ನೆರೆಹೊರೆ.

ಈ ಪ್ರವಾಹವನ್ನು ಶಸ್ತ್ರಚಿಕಿತ್ಸೆಗೆ ಒಗ್ಗಿಸಿದವರಲ್ಲಿ ಅಮೆರಿಕದ ವಿಲಿಯಂ ಬೋವಿ ಮುಖ್ಯನಾದವನು. ಸ್ವಾರಸ್ಯವೆಂದರೆ ಈತ ವೈದ್ಯನಲ್ಲ. ಸಸ್ಯಗಳ ಜೀವಕ್ರಿಯೆಯನ್ನು ಅಭ್ಯಾಸ ಮಾಡಿ ಭೌತವಿಜ್ಞಾನದ ಕಡೆಗೆ ಹೊರಳಿದವನು. ಮಿದುಳಿನ ಶಸ್ತ್ರವೈದ್ಯನಾದ ಹಾರ್ವೆ ಕುಷಿಂಗನು ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ 1926ರ ಅಕ್ಟೋಬರ್ 1ರಂದು ಬೋವಿಯ ಯಂತ್ರವನ್ನು ಬಳಸಿದನು. ಕೆಲವು ದಿನಗಳ ಹಿಂದೆ ವಿಪರೀತ ರಕ್ತಸ್ರಾವದಿಂದಾಗಿ ಅರ್ಧಕ್ಕೇ ಕೈಬಿಟ್ಟಿದ್ದ ಗಂತಿಯೊಂದನ್ನು ಅಂದು ಆತ ತೆಗೆದುಹಾಕಿದನು. ಅಲ್ಲಿಂದ ಮುಂದೆ ಈ ಸಾಧನವು ಲೋಕವನ್ನೆಲ್ಲ ವ್ಯಾಪಿಸಿತು.

ಶಾಖವು ಅಂಗಾಂಶಕ್ಕೆ ಏನು ಮಾಡುತ್ತದೆ? ರಾಮನಗರದ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಗೂಡುಗಳನ್ನು ಬಿಸಿನೀರಿಗೆ ಹಾಕಿದಾಗ ಎಳೆಗಳ ಅಂಟು ಮೆತ್ತಗಾಗುತ್ತದೆ; ಒಳಗಿನ ಹುಳುವಿನ ಮೈಯೋ ಬೆಂದು ಗಟ್ಟಿಯಾಗುತ್ತದೆ. ಎರಡೂ ಪ್ರೋಟೀನುಗಳೇ, ಶಾಖಕ್ಕೆ ಅವು ತೋರುವ ಗುಣ ಮಾತ್ರ ಬೇರೆ. ನಮ್ಮ ಅಂಗಾಂಶದ ಪ್ರೋಟೀನುಗಳು ಆ ಹುಳುವಿನ ಮೈಯಂತೆ, ಮೊಟ್ಟೆಯ ಬಿಳಿಯಂತೆ, ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೆಪ್ಪುಗಟ್ಟಿ ಬೆಳ್ಳಗಾಗುತ್ತವೆ. 100 ಡಿಗ್ರಿಯಲ್ಲಿ ಜೀವಕೋಶದೊಳಗಿನ ನೀರು ಕುದಿದು ಕೋಶವು ಒಡೆಯುತ್ತದೆ. 200 ಡಿಗ್ರಿ ಮೀರಿದರೆ ಉಳಿಯುವುದು ಕರಿ. ಕತ್ತರಿಸುವಾಗ ಯಂತ್ರವು ಎಡೆಬಿಡದ ಪ್ರವಾಹವನ್ನು ಕೊಡುತ್ತದೆ. ತುದಿಯ ಎದುರಿನ ಕೋಶಗಳು ಒಡೆದು ಸೀಳು ಬೀಳುತ್ತದೆ. ರಕ್ತವನ್ನು ಹೆಪ್ಪುಗಟ್ಟಿಸುವಾಗ ಬಿಟ್ಟು ಬಿಟ್ಟು ಬರುವ ಪ್ರವಾಹವಿರುತ್ತದೆ. ಅನೇಕ ಯಂತ್ರಗಳಲ್ಲಿ ಇದು 100ರಲ್ಲಿ 6 ಭಾಗದಷ್ಟು ಕಾಲ ಮಾತ್ರ ಹರಿಯುತ್ತದೆ. ಅಷ್ಟು ಸ್ವಲ್ಪ ಕಾಲದಲ್ಲಿ ಕೆಲಸ ನಡೆಯಬೇಕಾದುದರಿಂದ ಇದರ ವೋಲ್ಟೇಜು ಕತ್ತರಿಸುವ ಪ್ರವಾಹದ್ದಕ್ಕಿಂತ ಬಹಳ ಹೆಚ್ಚು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಇನ್ನು ಮರಳಿ ಹೋಗುವ ದಾರಿ. ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡುತ್ತದೆ. ಅಲ್ಲಿ ಹೊಳೆ ಹರವಾಗಿದೆ. ಸುಮಾರು 4 ಕಿಲೋಮೀಟರು ಕೆಳಗೆ ಮೇಕೆದಾಟುವಿನಲ್ಲಿ ಅದೇ ನೀರು ಬಂಡೆಗಳ ನಡುವಣ ಇಕ್ಕಟ್ಟಿಗೆ ಸಿಕ್ಕಿ ಭೋರ್ಗರೆಯುತ್ತದೆ, ಬಂಡೆಯನ್ನೇ ಕೊರೆಯುತ್ತದೆ. ಹರಿಯುವ ನೀರಿನ ಮೊತ್ತ ಎರಡು ಕಡೆಯೂ ಒಂದೇ. ವ್ಯತ್ಯಾಸವಿರುವುದು ಪಾತ್ರದ ಅಗಲದಲ್ಲಿ. ಶಸ್ತ್ರವೈದ್ಯನ ಕೈಯ ತುದಿಯು ಮೇಕೆದಾಟು. ರೋಗಿಯ ತೊಡೆಗೋ ಬೆನ್ನಿಗೋ ಅಂಟಿಸುವ ಅಗಲವಾದ ‘ಪ್ಲೇಟು’ ಸಂಗಮ. ತುದಿಯಲ್ಲಿ ಒಳಹೊಕ್ಕ ಪ್ರವಾಹವಷ್ಟೂ ಪ್ಲೇಟಿನಲ್ಲಿ ಹೊರಬೀಳುತ್ತದೆ. ಆದರೆ ಅಗಲವಾಗಿ ಹರಡಿಕೊಂಡು ಹೊರಬೀಳುವುದರಿಂದ ಅಲ್ಲಿ ಚರ್ಮವು ಸುಡುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ತುದಿಯು ಅಂಗಾಂಶಕ್ಕೆ ತಾಗಿರುವ ವಿಸ್ತಾರ ಒಂದು ಚದರ ಸೆಂಟಿಮೀಟರಿನ ಹತ್ತನೆಯ ಒಂದು ಭಾಗವೆಂದೂ ಪ್ಲೇಟಿನ ವಿಸ್ತಾರ 100 ಚದರ ಸೆಂಟಿಮೀಟರೆಂದೂ ಇಟ್ಟುಕೊಳ್ಳೋಣ. ತುದಿಯ ಬಳಿ ಪ್ರವಾಹದ ಸಾಂದ್ರತೆಯು ಪ್ಲೇಟಿನ ಬಳಿ ಇರುವುದರ 1,000 ಪಟ್ಟು. ಜೌಲನ ನಿಯಮದಂತೆ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಒಂದೇ ಗಾತ್ರದ ಅಂಗಾಂಶದಲ್ಲಿ ಹುಟ್ಟುವ ಶಾಖವು ತುದಿಯ ಬಳಿ 10 ಲಕ್ಷ ಪಟ್ಟು ಹೆಚ್ಚು. ಯಂತ್ರದ ಚಮತ್ಕಾರವೆಲ್ಲ ಇರುವುದು ಇಲ್ಲಿ. ಅದರ ಅಪಾಯವೂ ಇಲ್ಲಿಯೇ ಇದೆ. ಪ್ಲೇಟು ಅರ್ಧಂಬರ್ಧ ಕಿತ್ತುಬಂದು, ಹತ್ತರಲ್ಲಿ ಒಂದು ಭಾಗವಷ್ಟೇ ಚರ್ಮಕ್ಕೆ ಅಂಟಿಕೊಂಡಿದೆಯೆನ್ನಿ. ಅಲ್ಲಿ ಸಾಂದ್ರತೆಯು 10 ಪಟ್ಟು ಏರುತ್ತದೆ, ಶಾಖವು 100 ಪಟ್ಟು. ಸಂಗಮವೇ ಇನ್ನೊಂದು ಮೇಕೆದಾಟುವಾಯಿತು! ಅರಿವಳಿಕೆಯಲ್ಲಿರುವ ರೋಗಿ ‘ಅಯ್ಯೋ, ಸುಡುತ್ತಿದೆ’ ಎಂದು ಕೂಗಲಾರ. ಮೇಲೆ ಬಟ್ಟೆ ಹೊದಿಸಿದೆ. ಶಸ್ತ್ರವೈದ್ಯನ ದೃಷ್ಟಿಯೆಲ್ಲ ಗಾಯದ ಮೇಲೆ. ಸುಟ್ಟದ್ದು ತಿಳಿಯುವುದು ಎಲ್ಲ ಮುಗಿದು ಬಟ್ಟೆ ತೆಗೆದಾಗಲೇ.

ಆದುದರಿಂದ ಪ್ಲೇಟನ್ನು ಅಂಟಿಸುವ ಕೆಲಸವನ್ನು ಯಾರೋ ಒಬ್ಬರು ಮಾಡಿ ಮುಗಿಸುವ ಚಿಲ್ಲರೆ ಕೆಲಸವೆಂದು ಎಣಿಸಲಾಗದು. ಮಾಂಸಲವಾದ, ರಕ್ತಸಂಚಾರ ಚೆನ್ನಾಗಿರುವ, ಶಸ್ತ್ರಚಿಕಿತ್ಸೆ ನಡೆಯುವ ಭಾಗಕ್ಕೆ ಆದಷ್ಟು ಸಮೀಪವಾದ ಜಾಗವನ್ನು ಆರಿಸಬೇಕು. ಮೂಳೆ ಎದ್ದುನಿಂತ ಕಡೆ, ಹಳೆಯ ಗಾಯದ ಕಲೆಯ ಮೇಲೆ, ದಟ್ಟ ಕೂದಲಿರುವ ಕಡೆ, ಒಳಗೆ ಲೋಹದ ಕೀಲು ಕೂಡಿಸಿರುವ ಕಡೆ ಅಂಟಿಸಬಾರದು. ಚರ್ಮ ಒಣಗಿರಬೇಕು. ಮಗುವಿಗೆ ದೊಡ್ಡದಾಯಿತೆಂದು ಪ್ಲೇಟನ್ನು ಕತ್ತರಿಸಿ ಚಿಕ್ಕದು ಮಾಡುವುದಂತೂ ಎಂದಿಗೂ ಕೂಡದು. ಅದೇಕೆಂಬುದನ್ನು ಮೇಲಿನ ಲೆಕ್ಕ ಮಾಡಿದ ವಿದ್ಯಾರ್ಥಿಗೆ ಬೇರೆ ಹೇಳಬೇಕಾಗಿಲ್ಲ. ಇನ್ನೊಂದು ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ಎಂದಿನ ಶಕ್ತಿಯಲ್ಲಿ ಯಂತ್ರವು ಸರಿಯಾಗಿ ಕತ್ತರಿಸದಿದ್ದಾಗ ‘ಇನ್ನಷ್ಟು ಏರಿಸಿ’ ಎನ್ನುವುದು ಮನುಷ್ಯ ಸ್ವಭಾವ. ಆದರೆ ಪ್ರವಾಹ ಕಡಿಮೆಯಾಗಿರುವುದು ಮರಳುವ ದಾರಿ ಕೆಟ್ಟಿರುವುದರ ಗುರುತಾಗಿರಬಹುದು. ಗುಂಡಿಯನ್ನು ತಿರುಗಿಸುವ ಮೊದಲು ಪ್ಲೇಟನ್ನೂ ತಂತಿಯನ್ನೂ ನೋಡತಕ್ಕದ್ದು. ತುದಿಗೆ ಕರಿ ಹತ್ತಿದ್ದರೆ ಒರೆಸತಕ್ಕದ್ದು.

ಹಿಂದಿನ ಯಂತ್ರಗಳಲ್ಲಿ ಮಂಡಲವು ಭೂಮಿಗೆ ಸೇರಿರುತ್ತಿತ್ತು. ಆಗ ಪ್ಲೇಟು ಸಡಿಲವಾದರೆ ಪ್ರವಾಹವು ಭೂಮಿಗೆ ಹೋಗುವ ಬೇರಾವ ದಾರಿಯನ್ನಾದರೂ ಹಿಡಿಯುತ್ತಿತ್ತು. ಮೇಜಿನ ಲೋಹದ ಅಂಚಿಗೆ ತಾಗಿದ ಮೊಣಕೈಯೋ ಎದೆಗೆ ಅಂಟಿಸಿದ ಇ.ಸಿ.ಜಿ. ಬಿಲ್ಲೆಯೋ ಅದಕ್ಕೆ ಸಾಕು. ಗಾಯವೊಂದು ಕಡೆ, ಸುಟ್ಟದ್ದು ಇನ್ನೊಂದು ಕಡೆ. ಅನಂತರ ಮಂಡಲವನ್ನು ಭೂಮಿಯಿಂದ ಬೇರ್ಪಡಿಸಿದ ಯಂತ್ರಗಳು ಬಂದವು. 1980ರ ದಶಕದಿಂದೀಚೆಗೆ ಪ್ಲೇಟನ್ನು ಎರಡು ಹೋಳಾಗಿ ಮಾಡಿ, ಆ ಹೋಳುಗಳ ನಡುವಣ ರೋಧವನ್ನು ಯಂತ್ರವೇ ಸದಾ ಅಳೆಯುತ್ತಿದ್ದು, ಅಂಟು ಬಿಟ್ಟರೆ ಕೂಗಿ ಕೆಲಸ ನಿಲ್ಲಿಸುವ ಏರ್ಪಾಡೂ ಬಳಕೆಗೆ ಬಂದಿತು. ಒಳ್ಳೆಯ ಏರ್ಪಾಡು. ಆದರೆ ಹೋಳಿಲ್ಲದ ಸಾದಾ ಪ್ಲೇಟನ್ನು ಜೋಡಿಸಿದರೆ ಈ ಕಾವಲು ಕೆಲಸ ಮಾಡುವುದಿಲ್ಲ.

ಇಲ್ಲಿಯವರೆಗೆ ಹೇಳಿದ ಅಪಾಯಗಳು ಚರ್ಮದ ಮೇಲೆ ಕಾಣಬರುವಂಥವು. ಲ್ಯಾಪರಾಸ್ಕೋಪಿ ಎಂಬ, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾವನ್ನೂ ಉದ್ದನೆಯ ಸಲಾಕೆಗಳನ್ನೂ ತೂರಿಸಿ ಹೊಟ್ಟೆಯೊಳಗೆ ಮಾಡುವ ಚಿಕಿತ್ಸೆಯಲ್ಲಿ ಕಾಣದ ಅಪಾಯಗಳಿವೆ. ಕ್ಯಾಮೆರಾ ತೋರಿಸುವುದು ಸಲಾಕೆಯ ತುದಿಯ ಕೆಲವು ಅಂಗುಲಗಳನ್ನಷ್ಟೆ. ಉಳಿದುದೆಲ್ಲ ದೃಷ್ಟಿಗೆ ಹೊರಗೆ, ಕರುಳಿನ ಮಗ್ಗುಲಲ್ಲಿರುತ್ತದೆ. ಸಲಾಕೆಗೆ ಅವಾಹಕ ಹೊದಿಕೆಯಿರುವುದು ನಿಜ. ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಗೆ ಕಟ್ಟಿದ ಜಲಾಶಯವನ್ನು ನೀವು ನೋಡಿರಬಹುದು. ಅಂಥ ಕಟ್ಟೆಯ ಹಿಂದೆ ನೀರಿನ ಮಟ್ಟ ಏರಿದಷ್ಟೂ ಸಣ್ಣ ಬಿರುಕೂ ದೊಡ್ಡ ಭಯಕ್ಕೆ ಕಾರಣ. ವೋಲ್ಟೇಜು ಹಾಗೆಯೇ. ಹೊದಿಕೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತಿದ್ದರೆ, ಹೆಚ್ಚು ವೋಲ್ಟೇಜಿನ ಪ್ರವಾಹವು ಅಲ್ಲಿಂದ ಕಿಡಿಯಾಗಿ ಹಾರಿ ಕರುಳನ್ನು ಸುಡುತ್ತದೆ. ತೂತು ಸಣ್ಣದಾದಷ್ಟೂ ಸಾಂದ್ರತೆ ಹೆಚ್ಚು ಎಂಬುದನ್ನು ಮರೆಯಬಾರದು. ದೊಡ್ಡ ಬಿರುಕನ್ನು ದಾದಿಯೊಬ್ಬಳು ತೊಳೆಯುವಾಗಲೇ ಕಂಡು ಬದಿಗಿಡುತ್ತಾಳೆ, ಸಣ್ಣದು ತಪ್ಪಿಸಿಕೊಳ್ಳುತ್ತದೆ.

ಹೊದಿಕೆಯು ಸರಿಯಾಗಿದ್ದರೂ ಪ್ರವಾಹವು ಹೊರಬೀಳಬಹುದೆಂದರೆ ಆಶ್ಚರ್ಯವಾಗಬಹುದು. ಎರಡು ವಾಹಕಗಳ ನಡುವೆ ಒಂದು ಅವಾಹಕವಿದ್ದರೆ ಅದು ಧಾರಕವಾಗುತ್ತದೆಂದು ಕಾಲೇಜು ವಿದ್ಯಾರ್ಥಿಗಳು ಬಲ್ಲರು. ಒಳಗೆ ಲೋಹದ ಸಲಾಕೆ, ನಡುವೆ ಹೊದಿಕೆ, ಹೊರಗೆ ಸಲಾಕೆಯನ್ನು ತೂರಿಸಿದ ಲೋಹದ ಕೊಳವೆ: ಯಾರೂ ಬಯಸದಿದ್ದರೂ ಅಲ್ಲೊಂದು ಧಾರಕ ಸಿದ್ಧವಾಗಿದೆ. ಅದರ ಧಾರಕತೆ 50 ಪಿಕೋಫ್ಯಾರಡ್ ಎಂದಿಟ್ಟುಕೊಳ್ಳಿ. 50 ಆವರ್ತಗಳ ಮನೆಯ ವಿದ್ಯುತ್ತಿಗೆ ಅದು ಒಡ್ಡುವ ತಡೆ 6 ಕೋಟಿ ಓಮ್‌ಗಳಿಗೂ ಹೆಚ್ಚು. ಎಂದರೆ ಬಾಗಿಲು ಮುಚ್ಚಿದಂತೆಯೇ. ಸೆಕೆಂಡಿಗೆ 5 ಲಕ್ಷ ಆವರ್ತಗಳಾದರೆ ಆ ತಡೆ 10,000 ಪಟ್ಟು ಇಳಿದು 6,400 ಓಮ್‌ಗಳ ಸುಮಾರಿಗೆ ಬರುತ್ತದೆ. ಬಾಗಿಲು ತೆರೆಯಿತು. ಪೂರ್ತಿ ಲೋಹದ ಕೊಳವೆಯಾದರೆ ಹೀಗೆ ಬಂದ ಪ್ರವಾಹವು ಹೊಟ್ಟೆಯ ಭಿತ್ತಿಯಲ್ಲಿ ಅಗಲವಾಗಿ ಹರಡಿ ನಿರಪಾಯವಾಗಿ ಹೋಗುತ್ತದೆ. ಲೋಹದ ಕೊಳವೆಯನ್ನು ಪ್ಲಾಸ್ಟಿಕ್ ಹಿಡಿಯಿಂದ ಭಿತ್ತಿಗೆ ಕಚ್ಚಿಸಿದ್ದರೆ ಆ ದಾರಿ ಮುಚ್ಚಿಹೋಗಿ, ಕೊಳವೆಯನ್ನು ತಾಗಿದ ಕರುಳೇ ದಾರಿಯಾಗುತ್ತದೆ. ‘ಪ್ಲಾಸ್ಟಿಕ್ ಸೇರಿಸಿದರೆ ಹೆಚ್ಚು ಕ್ಷೇಮ’ ಎಂಬ ಸಾಮಾನ್ಯ ಬುದ್ಧಿಯ ಮಾತು ಇಲ್ಲಿ ತಲೆಕೆಳಗಾಗುವುದನ್ನು ಗಮನಿಸಿ. ತುದಿಯನ್ನು ಅಂಗಾಂಶಕ್ಕೆ ತಾಗಿಸುವ ಮೊದಲೇ ಗಾಳಿಯಲ್ಲಿ ಗುಂಡಿ ಒತ್ತುವುದೂ ಅಪಾಯವೇ: ಹೋಗಲು ದಾರಿಯಿಲ್ಲದಾಗ ವೋಲ್ಟೇಜು ಪರಮಾವಧಿಗೆ ಏರಿ, ಧಾರಕದ ಕಳ್ಳದಾರಿಯನ್ನು ಹುಡುಕುತ್ತದೆ.

ಕರುಳಿಗಾದ ಇಂಥ ಸುಟ್ಟಗಾಯವು ಆ ದಿನ ಕಾಣುವುದೇ ಇಲ್ಲ. ಸುಟ್ಟ ಭಾಗವು ಕೆಲವು ದಿನಗಳಲ್ಲಿ ಸತ್ತು ಕಳಚಿದಾಗ ಕರುಳು ತೂತಾಗಿ, ಮಲವು ಹೊಟ್ಟೆಯೊಳಗೆ ಸೋರಿ ನಂಜಾಗುತ್ತದೆ. ಅಷ್ಟುಹೊತ್ತಿಗೆ ರೋಗಿ ಮನೆಗೆ ಹೋಗಿರುತ್ತಾನೆ. ಊರಿಗೆ ಮರಳಿದ ಮೂರನೆಯ ನಾಲ್ಕನೆಯ ದಿನ ಹೊಟ್ಟೆನೋವು, ಜ್ವರ ಬಂದರೆ ‘ಆಪರೇಷನ್ ಆದಮೇಲೆ ಇದೆಲ್ಲ ಇದ್ದದ್ದೇ’ ಎಂದು ಮನೆಯವರು ಸುಮ್ಮನಾಗುವುದುಂಟು. ಹಾಗೆ ಸುಮ್ಮನಾಗದೆ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಲ್ಲಿಗೇ ಕೂಡಲೆ ಹೋಗಬೇಕು.

ಎರಡು ಅಗ್ರಗಳ ಚಿಮಟವೊಂದಿದೆ. ಅದರಲ್ಲಿ ಪ್ರವಾಹವು ಒಂದು ಅಗ್ರದಿಂದ ಹೊರಟು, ನಡುವೆ ಹಿಡಿದಿರುವ ಅಂಗಾಂಶವನ್ನು ಹಾದು ಇನ್ನೊಂದು ಅಗ್ರಕ್ಕೆ ಮರಳುತ್ತದೆ. ಇಡೀ ದೇಹವು ಮಂಡಲಕ್ಕೆ ಸೇರುವುದಿಲ್ಲ, ಪ್ಲೇಟೂ ಬೇಡ. ಸಾಧ್ಯವಿದ್ದೆಡೆ ಇದು ಮೇಲು. ಆದರೂ ಶಾಖವು ಅಗ್ರಗಳ ಆಚೆಗೂ ಹರಡಬಲ್ಲದು.

ಇವೆಲ್ಲ ಶಸ್ತ್ರವೈದ್ಯರಿಗೆ ತಿಳಿದಿರಲೇಬೇಕಲ್ಲವೆ ಎಂದು ವಾಚಕರು ಕೇಳಬಹುದು. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಉದರ ಮತ್ತು ಎಂಡೋಸ್ಕೋಪಿ ಶಸ್ತ್ರವೈದ್ಯರ ಸಂಘದ ಮುಖಂಡರೇ ಆದ 48 ಮಂದಿಯ ಮುಂದೆ ಪ್ರಶ್ನಪತ್ರಿಕೆಯೊಂದನ್ನು ಇಟ್ಟರು. ಫಲಿತಾಂಶವು 2012ರಲ್ಲಿ ಪ್ರಕಟವಾಯಿತು. ರೋಗಿಯ ಮೈಮೇಲೆ ಬೆಂಕಿ ಹತ್ತಿಕೊಂಡರೆ ಏನು ಮಾಡಬೇಕೆಂಬುದು 100ಕ್ಕೆ 31 ಮಂದಿಗೆ ಸರಿಯಾಗಿ ಗೊತ್ತಿರಲಿಲ್ಲ. ಪೇಸ್‌ಮೇಕರಿಗೆ ಅತ್ಯಂತ ಕಡಿಮೆ ತೊಂದರೆ ಕೊಡುವ ಉಪಕರಣ ಯಾವುದೆಂಬುದನ್ನೂ ಅಷ್ಟೇ ಮಂದಿ ಗುರುತಿಸಲಾರದೆ ಹೋದರು. ಎರಡು ಅಗ್ರದ ಚಿಮಟದ ಆಚೆಗೂ ಶಾಖ ಹರಡುತ್ತದೆಂಬುದು 100ಕ್ಕೆ 13 ಮಂದಿಗೆ ತಿಳಿದಿರಲಿಲ್ಲ. ಪ್ಲೇಟನ್ನು ಮಗುವಿನ ಅಳತೆಗೆ ಕತ್ತರಿಸಬಹುದೆಂದು 100ಕ್ಕೆ 10 ಮಂದಿ ಭಾವಿಸಿದ್ದರು. ಇವರು ಹೊಸಬರಲ್ಲ, ಕೈಪಳಗಿದ ನಿಪುಣರು. ಇದನ್ನು ಓದಿ ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವೈದ್ಯಶಿಕ್ಷಣದಲ್ಲಿ ಭೌತವಿಜ್ಞಾನವು ಪ್ರವೇಶಪರೀಕ್ಷೆಯ ಬಾಗಿಲಲ್ಲಿಯೇ ಉಳಿದುಬಿಡುತ್ತದೆ. ಯಂತ್ರದ ಬಳಕೆಯನ್ನು ಹಿರಿಯರ ಪಕ್ಕದಲ್ಲಿ ನಿಂತು, ನೋಡಿ ಕಲಿಯುತ್ತಾರೆ. ಹಿರಿಯರಿಗೆ ಗೊತ್ತಿಲ್ಲದುದು ಕಿರಿಯರಿಗೂ ಗೊತ್ತಾಗುವುದಿಲ್ಲ. ಈ ಕೊರತೆಯನ್ನು ತುಂಬಲೆಂದೇ ಆ ಸಂಘವು ‘ಫ್ಯೂಸ್’ ಎಂಬ ಪಾಠಕ್ರಮವನ್ನೂ ಪರೀಕ್ಷೆಯನ್ನೂ ಏರ್ಪಡಿಸಿತು. ಹೆಸರು ಸೊಗಸಾಗಿಯೇ ಇದೆ.

ಬೆಂಕಿಯ ಮಾತು ಬಂದುದರಿಂದ ಅದನ್ನೂ ಹೇಳಬೇಕು. ಬೆಂಕಿಗೆ ಬೇಕಾದ ಮೂರೂ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿವೆ: ಯಂತ್ರದ ಕಿಡಿ, ಉಸಿರಾಟಕ್ಕೆ ಕೊಡುವ ಆಮ್ಲಜನಕ, ಚರ್ಮವನ್ನು ಶುದ್ಧಿಮಾಡಲು ಬಳಿಯುವ ಸ್ಪಿರಿಟ್ಟು. 2019ರ ಡಿಸೆಂಬರಿನಲ್ಲಿ ರುಮೇನಿಯದ ಬುಖಾರೆಸ್ಟ್ ನಗರದಲ್ಲಿ, ಮೇದೋಜೀರಕದ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಗೆ ಮಲಗಿದ್ದ ಮಹಿಳೆಯೊಬ್ಬಳ ಮೈಗೆ ಆಲ್ಕೊಹಾಲಿನ ದ್ರವವನ್ನು ಬಳಿದು ವಿದ್ಯುತ್ ಉಪಕರಣವನ್ನು ಬಳಸಿದಾಗ ಬೆಂಕಿ ಹೊತ್ತಿಕೊಂಡಿತು. ಸುಮಾರು ಒಂದು ವಾರದ ಅನಂತರ ಆಕೆ ತೀರಿಕೊಂಡಳು. ಸ್ಪಿರಿಟ್ಟು ಬಳಿದಮೇಲೆ ಕಡಮೆಯೆಂದರೆ 3 ನಿಮಿಷವಾದರೂ ಒಣಗಲು ಬಿಡಬೇಕು. ಕೂದಲಿರುವ ಕಡೆ ಇನ್ನೂ ಹೆಚ್ಚು ಹೊತ್ತು ಬೇಕು. ಹೊಕ್ಕುಳಲ್ಲಿ, ಬೆನ್ನ ಕೆಳಗಿನ ಬಟ್ಟೆಯಲ್ಲಿ ನಿಂತದ್ದನ್ನು ಒರೆಸಿ ತೆಗೆಯಬೇಕು. ಮೂರು ನಿಮಿಷ ಕಾಯುವುದಕ್ಕೆ ಯಾವ ಯಂತ್ರವೂ ಬೇಡ, ಗಡಿಯಾರವೊಂದು ಸಾಕು. ಹಾಗೂ ಬೆಂಕಿ ಹತ್ತಿದರೆ ಆಮ್ಲಜನಕವನ್ನು ನಿಲ್ಲಿಸಿ, ಉರಿಯುವ ಬಟ್ಟೆಯನ್ನು ಕಿತ್ತೆಸೆದು, ನೀರು ಅಥವಾ ಲವಣಜಲದಿಂದ ಆರಿಸಬೇಕು.

ರೋಗಿಯಾಗಿ ಹೋಗುವವರಿಗೂ ಕೆಲಸವುಂಟು. ಶಸ್ತ್ರಚಿಕಿತ್ಸೆಗೆ ಮುಂಚೆ ಬಳೆ, ಕಾಲುಂಗುರ, ಉಡಿದಾರ, ತಾಳಿಗಳನ್ನು ತೆಗೆದಿಡಿ ಎಂದು ದಾದಿಯರು ಹೇಳಿದಾಗ ಕೆಲವರು ಮನಸ್ಸಿಗೆ ನೋವು ಮಾಡಿಕೊಳ್ಳುತ್ತಾರೆ. ದಾದಿಯರ ಮಾತಿನಲ್ಲಿ ಅನಾದರವಿಲ್ಲ, ಕಾರಣವಿದೆ. ಬೆರಳಿಗೆ ಬಿಗಿದ ಉಂಗುರವು ಮೇಜಿನ ಲೋಹಕ್ಕೆ ತಾಗಿದರೆ ಪ್ರವಾಹಕ್ಕೆ ಅದೊಂದು ಇಕ್ಕಟ್ಟಿನ ದಾರಿಯಾಗಬಹುದು. ಊದಿದ ಬೆರಳಿನಿಂದ ಉಂಗುರವು ಬಾರದಿದ್ದರೆ ಅದನ್ನು ಮುಚ್ಚಿಡದೆ ಮೊದಲೇ ತಿಳಿಸಬೇಕು. ಮೂಳೆಗೆ ಲೋಹದ ಪಟ್ಟಿ, ತೊಡೆಗೆ ಕೃತಕ ಕೀಲು ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರ ವಿಚಾರದಲ್ಲಂತೂ ಮರೆವು ಸಲ್ಲದು. ಈ ಪ್ರವಾಹವನ್ನು ಆ ಪುಟ್ಟ ಯಂತ್ರವು ಹೃದಯದ ಮಿಡಿತವೆಂದೇ ತಪ್ಪಾಗಿ ತಿಳಿದು ತನ್ನ ಕೆಲಸವನ್ನು ನಿಲ್ಲಿಸಿಬಿಡಬಹುದು. ಮುಂಚಿತವಾಗಿ ತಿಳಿದಿದ್ದರೆ ವೈದ್ಯರು ಎರಡು ಅಗ್ರದ ಚಿಮಟವನ್ನು ಆರಿಸಿಕೊಳ್ಳುತ್ತಾರೆ. ಇಲ್ಲವೆ ಪ್ರವಾಹದ ದಾರಿ ಎದೆಯನ್ನು ಹಾಯದಂತೆ ಪ್ಲೇಟಿಗೆ ಬೇರೆ ಜಾಗ ಗೊತ್ತುಮಾಡುತ್ತಾರೆ. ಪೇಸ್‌ಮೇಕರ್ ಹಾಕಿದಾಗ ಕೊಟ್ಟ ಗುರುತಿನ ಚೀಟಿಯನ್ನು ಆಸ್ಪತ್ರೆಗೆ ಸೇರುವ ದಿನವೇ ತೆಗೆದುಕೊಂಡು ಹೋಗತಕ್ಕದ್ದು.